ದಿನಾ ಬೆಳಗ್ಗೆ ಎಡಗಡೆ ಟೈರ್ ಮೆತ್ತಗೆ: ದಪ್ಪ ಟೈರ್ ಹಾಕಿರೋ ಸಣ್ಣ ವಿಮಾನದ ಕಂಪ್ಲೇಂಟ್‌ಗಳು

ಮೂರು ವೀಕೆಂಡು, ಎರಡು ಹೊಸ ಟ್ಯೂಬು, ಒಂದು ಪ್ಯಾಕೆಟ್ ವಾಲ್ವ್ ಪಿನ್ನು, ಇಷ್ಟು ಕಳ್ಕೊಂಡ್ಮೇಲೆ ನಂಗೆ ಗೊತ್ತಾಗಿದ್ದು ಏನಂದ್ರೆ ನಮ್ಮ ವಿಮಾನದ ಎಡಗಡೆ ಟೈರ್‌ಗೆ ಏನೂ ಆಗೇ ಇರ್ಲಿಲ್ಲ. ಅದಕ್ಕೇ ಇದನ್ನ ಬರೀತಿದೀನಿ, ಮುಂದೆ ದಪ್ಪ ಟೈರ್ ಹಾಕ್ಸೋರು ಯಾರಾದ್ರೂ ಇದ್ರೆ ನನ್ನ ಥರ ಚಕ್ರ ಬಿಚ್ಚಿ ಬಿಚ್ಚಿ ಕೈ ಕಪ್ಪು ಮಾಡ್ಕೊಳ್ಳೋದು ಬೇಡ ಅಂತ.

ನಮ್ಮದು ಎರಡು ಸೀಟಿನ ಪುಟ್ಟ ವಿಮಾನ, ಜನ ಪೆಟ್ರೋಲು ಎಲ್ಲ ಸೇರಿ 450 ಕೆಜಿ, ಮುಂದೆ ಒಂದು ಹಿಂದೆ ಎರಡು ಚಕ್ರ. ಜಕ್ಕೂರಿನಂಥ ಟಾರ್ ರನ್‌ವೇ ಮೇಲೇ ಇದ್ದಿದ್ರೆ ಮಾಮೂಲಿ ಟೈರೇ ಸಾಕಿತ್ತು, ಆದ್ರೆ ನಾವು ಜಾಸ್ತಿ ಹಾರ್ಸೋದು ಬೆಂಗಳೂರಿಂದ ಆಚೆ ಒಂದು ಕೆಮ್ಮಣ್ಣಿನ ಸ್ಟ್ರಿಪ್ಪಿಂದ. ಬೇಸಿಗೇಲಿ ಅದು ಕಾಂಕ್ರೀಟ್ ಥರ ಗಟ್ಟಿ, ಒಂದು ಮಳೆ ಬಿತ್ತು ಅಂದ್ರೆ ರಾಗಿ ಮುದ್ದೆ. ಹಳೇ ಟೈರು ಎರಡು ಸಲ ಹೂತ್ಕೊಂಡ್ಮೇಲೆ ಎಂಜಿನಿಯರ್ ಹತ್ರ ಮಾತಾಡಿ, ಪೇಪರ್ ಕೆಲಸ ಎಲ್ಲ ಮುಗ್ಸಿ, 8.50-6 ಸೈಜಿನ ದಪ್ಪ ಟೈರ್ ಹಾಕಿದ್ವಿ. 8.50 ಅಂದ್ರೆ ಟೈರಿನ ಅಗಲ ಇಂಚಲ್ಲಿ, 6 ಅಂದ್ರೆ ರಿಮ್ಮಿನ ಸೈಜು. (ಪೇಪರ್ ಕೆಲಸ ಅಂದಿದ್ದು ತಮಾಷೆಗಲ್ಲ. ಟೈರ್ ಸೈಜ್ ಚೇಂಜ್ ಮಾಡೋದು ಬೈಕಿಗೆ ಅಗಲದ ಟೈರ್ ಹಾಕ್ಸಿದ ಹಾಗಲ್ಲ, ತೂಕ ಬದ್ಲಾಗತ್ತೆ, ಬ್ರೇಕು ಬದ್ಲಾಗತ್ತೆ, ವಿಮಾನಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಡಿಜಿಸಿಎ ರೂಲ್ ಪ್ರಕಾರ ಅಪ್ರೂವಲ್ ಇಲ್ದೆ ಹಾಕಿದ್ರೆ ಸಿಕ್ಕಿಹಾಕ್ಕೊಳ್ತೀರ.)

ಈ ಐಡಿಯಾ ಹೊಸದೇನಲ್ಲ. 1930ರ ದಶಕದಲ್ಲೇ ಪೈಪರ್ ಕಬ್ ಥರದ ಪುಟ್ಟ ವಿಮಾನಗಳಿಗೆ ಗುಂಡಗಿರೋ ಕಡಿಮೆ ಗಾಳಿ ಟೈರ್ ಇತ್ತು, ಈಗ ಅಲಾಸ್ಕಾದಲ್ಲಿ ನದಿ ಮಧ್ಯದ ಜಲ್ಲಿಕಲ್ಲಿನ ಮೇಲೆ ಇಳಿಯೋರು 31 ಇಂಚು, 35 ಇಂಚಿನ ಟಂಡ್ರಾ ಟೈರ್ ಹಾಕ್ತಾರೆ. ನಮ್ಮದು ಅದ್ರ ಮುಂದೆ ಮಗು, ಬರೀ 22 ಇಂಚು. ಆದ್ರೆ ತೊಂದ್ರೆಗಳು ಮಾತ್ರ ಅವೇ.

ಮೊದ್ಲು ಒಂದು ಲೆಕ್ಕ ತಲೇಲಿ ಇಟ್ಕೊಳ್ಳಿ, ಮಿಕ್ಕಿದ್ದೆಲ್ಲ ಇದ್ರಿಂದಾನೇ ಬರೋದು. ಟೈರೊಳಗಿನ ಗಾಳಿ ಎಷ್ಟು ಕಮ್ಮಿನೋ ನೆಲಕ್ಕೆ ತಾಗೋ ಜಾಗ ಅಷ್ಟು ಜಾಸ್ತಿ. ನಮ್ಮ ಒಂದು ಹಿಂದಿನ ಚಕ್ರದ ಮೇಲೆ ಹೆಚ್ಚುಕಮ್ಮಿ 190 ಕೆಜಿ ಕೂತಿರತ್ತೆ. 20 ಪಿಎಸ್‌ಐ ಇದ್ರೆ ಆ ತೂಕ ಹೊರೋಕೆ ಸುಮಾರು 135 ಚದರ ಸೆಂಟಿಮೀಟರ್ ಸಾಕು, ಅಂದ್ರೆ ಒಂದು ಸೆಟ್ ದೋಸೆ ಅಗಲ. 6 ಪಿಎಸ್‌ಐಗೆ ಇಳಿಸಿದ್ರೆ 450 ಚದರ ಸೆಂಟಿಮೀಟರ್ ಆಗತ್ತೆ, ಊಟದ ತಟ್ಟೆ ಅಗಲ. ಅದಕ್ಕೇ ಮಣ್ಣಲ್ಲಿ ಹೂತ್ಕೊಳಲ್ಲ. ಆದ್ರೆ ಇದ್ರಲ್ಲೇ ಒಂದು ಪೀಕಲಾಟ ಇದೆ. ಹಳೇ ಸೆಸ್ನಾ 172 ಅನ್ನೋ ಸಣ್ಣ ವಿಮಾನದ ಹಿಂದಿನ ಟೈರಿಗೆ ಸುಮಾರು 29 ಪಿಎಸ್‌ಐ ಹಾಕ್ತಾರೆ, ಅದ್ರಲ್ಲಿ ಒಂದು ಪಿಎಸ್‌ಐ ಹೋದ್ರೆ ಯಾರಿಗೂ ಗೊತ್ತೂ ಆಗಲ್ಲ. ನಮ್ಮ 6ರಲ್ಲಿ ಒಂದು ಹೋಯ್ತು ಅಂದ್ರೆ ಆರರಲ್ಲಿ ಒಂದು ಪಾಲು ಹೋಯ್ತು, ಟೈರು ನೋಡೋಕೇ ಬೇರೆ ಥರ ಕಾಣತ್ತೆ.

ಗಾಳಿ ಇಳಿಯೋ ಕಂಪ್ಲೇಂಟು

ಕಥೆ ಹೀಗಿತ್ತು. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಎರಡೂ ಟೈರ್‌ಗೆ 6 ಪಿಎಸ್‌ಐ ಹಾಕ್ತಿದ್ವಿ. ಭಾನುವಾರ ಬೆಳಗ್ಗೆ ಆರೂವರೆಗೆ ಹೋಗಿ ನೋಡಿದ್ರೆ ಬಲಗಡೆ 5ರ ಮೇಲೆ ಸ್ವಲ್ಪ, ಎಡಗಡೆ 4ರ ಮೇಲೆ ಸ್ವಲ್ಪ. ಎಡಗಡೆದು ಪಂಚರ್ ಅಂತ ತೀರ್ಮಾನ ಮಾಡ್ಬಿಟ್ವಿ. ಟ್ಯೂಬ್ ತೆಗ್ದು ಸ್ಕೂಟರ್ ಮೇಲೆ ಹಾಕ್ಕೊಂಡು ಹೈವೇ ಪಕ್ಕದ ಪಂಚರ್ ಅಂಗಡಿಗೆ ಹೋದೆ, ಅವ್ನು ನೀರಿನ ತೊಟ್ಟೀಲಿ ಅದ್ದೋಕೆ ನೋಡ್ದ, ಹಿಡೀಲೇ ಇಲ್ಲ, ಅರ್ಧರ್ಧ ಅದ್ದಿ ತಿರುಗಿಸಿ ತಿರುಗಿಸಿ ನೋಡ್ದ.

"ಅಣ್ಣಾ ಯಾವ್ ಗಾಡೀದು ಇದು, ಟ್ರ್ಯಾಕ್ಟರ್ ಮುಂದಿನದಾ?"

"ವಿಮಾನದ್ದು."

"ಸುಮ್ನಿರಣ್ಣ ಬೆಳಬೆಳಗ್ಗೆ."

ಒಂದು ಗುಳ್ಳೇನೂ ಬರ್ಲಿಲ್ಲ. ಆದ್ರೂ ಹೊಸ ಟ್ಯೂಬ್ ಹಾಕಿದ್ವಿ. ಮುಂದಿನ ವಾರ ಅದೇ ಕಥೆ. ಇನ್ನೊಂದು ಟ್ಯೂಬು. ಅದೇ ಕಥೆ.

ಕೊನೆಗೆ ದಾರಿ ತೋರಿಸಿದ್ದು ನಮ್ಮ ಹೆಲ್ಪರ್ ಹುಡುಗ. ಗುಡಿಸೋಕೆ ಅಂತ ಒಂದಿನ ವಿಮಾನ ತಳ್ಳಿ ಆಚೆ ತಂದವ್ನು ವಾಪಸ್ ಇಡುವಾಗ ಮೂತಿ ಉಲ್ಟಾ ಕಡೆ ಮಾಡಿ ಇಟ್ಟಿದ್ದ. ಬೆಳಗ್ಗೆ ನೋಡಿದ್ರೆ ಬಲಗಡೆ ಟೈರ್ ಮೆತ್ತಗೆ, ಎಡಗಡೆದು ನೆಟ್ಟಗೆ! ಆಗ ತಲೆಗೆ ಹೋಯ್ತು, ನಮ್ಮ ಶೆಡ್ಡು ಪಶ್ಚಿಮಕ್ಕೆ ಓಪನ್ನು, ಮಧ್ಯಾಹ್ನದ ಬಿಸಿಲು ಒಂದೇ ಕಡೆ ಚಕ್ರಕ್ಕೆ ಹೊಡೀತಿತ್ತು. ಕಪ್ಪು ರಬ್ಬರು ಬಿಸಿಲಲ್ಲಿ ನಿಂತ್ರೆ ಒಳಗಿನ ಗಾಳಿ 45 ಡಿಗ್ರಿ ಹತ್ರ ಹೋಗತ್ತೆ, ನೆರಳಿನದು 30 ಇರತ್ತೆ. ನಾವು ಎರಡಕ್ಕೂ 6 ಅಂತ ಹಾಕಿದ್ರೂ ಬಿಸಿ ಟೈರಿಗೆ ನಿಜವಾಗ್ಲೂ ಹೋಗಿದ್ದು ಕಮ್ಮಿ ಗಾಳಿ. ರಾತ್ರಿ ಎರಡೂ ಒಂದೇ 17 ಡಿಗ್ರಿಗೆ ತಣ್ಣಗಾದ್ಮೇಲೆ ಬಣ್ಣ ಬಯಲು.

ಇಲ್ಲಿ ತುಂಬಾ ಜನ ಎಡವೋದು ಲೆಕ್ಕದಲ್ಲಿ. ಟೆಂಪರೇಚರ್ ಲೆಕ್ಕ ಗೇಜ್ ತೋರ್ಸೋ 6ರ ಮೇಲೆ ಮಾಡ್ಬಾರ್ದು, ಹೊರಗಿನ ಹವೆಯ ಒತ್ತಡಾನೂ ಸೇರಿಸ್ಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ಹವೆ ಸುಮಾರು 13.2 ಪಿಎಸ್‌ಐ. ಅಂದ್ರೆ ಟೈರೊಳಗೆ ನಿಜವಾಗಿ ಇರೋದು 19.2. ಅದನ್ನ 45 ಡಿಗ್ರಿಯಿಂದ 17ಕ್ಕೆ ಇಳಿಸಿದ್ರೆ 17.5 ಆಗತ್ತೆ, ಅದ್ರಲ್ಲಿ 13.2 ಕಳೀರಿ, ಗೇಜಲ್ಲಿ 4.3. ನೆರಳಿನ ಟೈರು ಇದೇ ಲೆಕ್ಕದಲ್ಲಿ 5.2. ನಮ್ಮ ಗೇಜು ತೋರಿಸ್ತಿದ್ದಿದ್ದೂ ಹೆಚ್ಚುಕಮ್ಮಿ ಇದೇ. ಒಂದು ತೊಟ್ಟು ಗಾಳಿನೂ ಆಚೆ ಹೋಗಿರ್ಲಿಲ್ಲ ಗುರು, ನಾನು ಎರಡು ಟ್ಯೂಬಿನ ದುಡ್ಡು ಕಳ್ಕೊಂಡಿದ್ದೆ ಅಷ್ಟೇ.

ಇದೇ ಲೆಕ್ಕದ ಇನ್ನೊಂದು ಮುಖ ಘಾಟಿ ಇಳಿದವ್ರಿಗೆ ಗೊತ್ತಾಗತ್ತೆ. ಇಲ್ಲಿ 6 ಹಾಕ್ಕೊಂಡು ಕರಾವಳೀಲಿ ಇಳಿದ್ರೆ ಅಲ್ಲಿ ಹವೆ 14.7, ಒಂದೂವರೆ ಪಿಎಸ್‌ಐ ಜಾಸ್ತಿ, ಗೇಜ್ ನಾಲ್ಕೂವರೆ ತೋರಿಸತ್ತೆ. ಅಲ್ಲಿ ಮತ್ತೆ 6 ಮಾಡಿ ವಾಪಸ್ ಬಂದ್ರೆ ಇಲ್ಲಿ ಏಳೂವರೆ. ಕಾರಿನ 32 ಪಿಎಸ್‌ಐನಲ್ಲಿ ಇದನ್ನ ಯಾರೂ ಗಮನಿಸಲ್ಲ, ನಮ್ಮ ಥರದ ಟೈರಲ್ಲಿ ಕಾಲು ಭಾಗ ಕಮ್ಮಿ ಗಾಳೀಲಿ ಲ್ಯಾಂಡ್ ಮಾಡಿದ ಹಾಗೆ.

ಹಾಗಾಗಿ ಗಾಳಿ ಇಳಿದಿದೆ ಅನ್ಸಿದ್ರೆ ಸ್ಪ್ಯಾನರ್ ಮುಟ್ಟೋಕೆ ಮುಂಚೆ ಗೇಜ್ ನೋಡಿ. ಪೆಟ್ರೋಲ್ ಬಂಕಿನ ಮೆಷಿನ್ನು, ಕಾರಿನ ಪೆನ್ ಗೇಜು ಇವೆಲ್ಲ ಇದಕ್ಕೆ ಪ್ರಯೋಜನ ಇಲ್ಲ, 100 ಪಿಎಸ್‌ಐವರೆಗೆ ತೋರ್ಸೋ ಗೇಜು ನೂರಕ್ಕೆ ಎರಡು ಹೆಚ್ಚುಕಮ್ಮಿ ಅಂದ್ರೂ ಎರಡು ಪಿಎಸ್‌ಐ ಸುಳ್ಳು ಹೇಳ್ಬೋದು. 0ಯಿಂದ 15 ಪಿಎಸ್‌ಐವರೆಗಿನ ಗೇಜ್ ತಗೊಳ್ಳಿ, ಯಾವಾಗ್ಲೂ ಅದೊಂದನ್ನೇ ಬಳಸಿ, ನಿಮ್ಮದೊಂದು ಫ್ರೆಂಡ್‌ದೊಂದು ಅಂತ ಮಿಕ್ಸ್ ಮಾಡ್ಬೇಡಿ. ಗಾಳಿ ಹಾಕೋದು, ಚೆಕ್ ಮಾಡೋದು ಎರಡೂ ಬೆಳಗ್ಗೆ ಬಿಸಿಲು ಬೀಳೋಕೆ ಮುಂಚೆ. ಆಮೇಲೂ ಒಂದೇ ಚಕ್ರ ಕಮ್ಮಿ ಬರ್ತಿದ್ರೆ ವಿಮಾನದ ಮೂತಿ ತಿರುಗಿಸಿ ಒಂದು ರಾತ್ರಿ ಬಿಡಿ. ಕಂಪ್ಲೇಂಟು ಚಕ್ರದ ಜೊತೆ ಬಂದ್ರೆ ಚಕ್ರದ್ದೇ ಪ್ರಾಬ್ಲಮ್ಮು, ಶೆಡ್ಡಿನ ಅದೇ ಸೈಡಲ್ಲಿ ಉಳ್ಕೊಂಡ್ರೆ ಬಿಸಿಲಿಂದು.

ಹೊಸದಾಗಿ ಹಾಕಿದ ಟೈರ್ ಆದ್ರೆ ಇನ್ನೊಂದು ಸುಳ್ಳು ಲೀಕ್ ಇದೆ. ನೈಲಾನ್ ಟೈರು ಮೊದಲ ದಿನ ಹಿಗ್ಗತ್ತೆ, ಟ್ಯೂಬಿಗೂ ಟೈರಿಗೂ ಮಧ್ಯೆ ಸಿಕ್ಕಿಹಾಕ್ಕೊಂಡಿರೋ ಗಾಳಿ ಮೆಲ್ಲಗೆ ರಿಮ್ ಪಕ್ಕದಿಂದ ಆಚೆ ಹೋಗತ್ತೆ, ಎರಡೂ ಸೇರಿ ಗಾಳಿ ಇಳಿದ ಹಾಗೆ ಕಾಣತ್ತೆ. ಹಾಕಿದ ಮಾರನೇ ದಿನ ಒಂದು ಸಲ ಸರಿ ಮಾಡಿ, ಅಲ್ಲಿಂದ ಲೆಕ್ಕ ಶುರು ಮಾಡಿ.

ನಿಜವಾದ ಲೀಕು

ಇಷ್ಟೆಲ್ಲ ಆದ್ಮೇಲೂ ಇಳೀತಿದ್ರೆ ಸೋಪ್ ನೀರು. ಮೊದ್ಲು ವಾಲ್ವ್ ಬಾಯಿಗೆ ಒಂದು ಹನಿ, ಅಲ್ಲೇ ಅರ್ಧ ಕೇಸ್ ಮುಗಿಯತ್ತೆ. ನಮ್ಮ ಕಡೆ ಸ್ಟ್ರಿಪ್ಪುಗಳಲ್ಲಿ ಮುಖ್ಯ ಶತ್ರು ಮುಳ್ಳು. ಬಳ್ಳಾರಿ ಜಾಲಿ ಮುಳ್ಳು ಉದ್ದ, ಕಣ್ಣಿಗೆ ಕಾಣತ್ತೆ, ಒಂದೇ ಸಲಕ್ಕೆ ಗಾಳಿ ಹೋಗತ್ತೆ, ಅದು ಮರ್ಯಾದಸ್ಥ. ನೆಗ್ಗಿಲು ಮುಳ್ಳು ಹಾಗಲ್ಲ, ನೆಲಕ್ಕೆ ಅಂಟ್ಕೊಂಡು ಹಬ್ಬೋ ಗಿಡ, ಹಳದಿ ಹೂವು, ನೋಡೋಕೆ ಪಾಪದ್ದು, ಅದ್ರ ಕಾಯಿ ಹೇಗೆ ಬಿದ್ರೂ ಒಂದು ಮುಳ್ಳು ಮೇಲಕ್ಕೇ ಇರತ್ತೆ. ಕಾಯಿ ಉದುರೋಗತ್ತೆ, ಮುಳ್ಳಿನ ತುದಿ ಮಾತ್ರ ರಬ್ಬರೊಳಗೆ ಉಳ್ಕೊಳತ್ತೆ, ಚಕ್ರ ಉರುಳಿದಾಗೆಲ್ಲ ಟ್ಯೂಬಿಗೆ ಚುಚ್ಚತ್ತೆ. ಹೊಸ ಟ್ಯೂಬ್ ಹಾಕಿದ ಮೂರನೇ ದಿನ ಮತ್ತೆ ಅದೇ ಜಾಗದಲ್ಲಿ ಪಂಚರ್ ಅಂದ್ರೆ ಟೈರೊಳಗೆ ಕೈ ಹಾಕಿ ಸವರಿ ನೋಡಿಲ್ಲ ಅಂತರ್ಥ. ಬೆರಳಲ್ಲಿ ಸವರ್ಬೇಡಿ, ಒಂದು ಹತ್ತಿ ಬಟ್ಟೆ ಎಳೀರಿ, ಎಲ್ಲಿ ಸಿಕ್ಕಾಕ್ಕೊಳತ್ತೋ ಅಲ್ಲಿದೆ.

ಚಕ್ರ ಬಿಚ್ಚೋರಿಗೆ ಒಂದು ಮಾತು, ಇದ್ರಲ್ಲಿ ತಮಾಷೆ ಇಲ್ಲ. ಸಣ್ಣ ವಿಮಾನದ ರಿಮ್ಮು ಎರಡು ಹೋಳು, ಬೋಲ್ಟಲ್ಲಿ ಕೂಡಿಸಿರ್ತಾರೆ. ವಾಲ್ವ್ ಪಿನ್ ಆಚೆ ತೆಗ್ದು ಪೂರ್ತಿ ಗಾಳಿ ಬಿಟ್ಟ ಮೇಲೇನೇ ಆ ಬೋಲ್ಟ್ ಮುಟ್ಬೇಕು. 6 ಪಿಎಸ್‌ಐ ತಾನೇ ಅಂತ ಉಡಾಫೆ ಮಾಡ್ಬೇಡಿ, ಅಷ್ಟು ದೊಡ್ಡ ಟೈರಲ್ಲಿ ಅದು ರಿಮ್ ಹೋಳನ್ನ ಮುಖಕ್ಕೆ ಎಸೆಯೋಷ್ಟು ಜೋರಿರತ್ತೆ. ವಾಪಸ್ ಹಾಕುವಾಗ ಟ್ಯೂಬಿಗೆ ಟಾಲ್ಕ್ ಪೌಡರ್ ಹಚ್ಚಿ, ಟೈರ್ ಮೇಲಿನ ಕೆಂಪು ಚುಕ್ಕೆ ವಾಲ್ವ್ ನೇರಕ್ಕೆ ಬರೋ ಹಾಗೆ ಇಡಿ. ಆ ಚುಕ್ಕೆ ಟೈರಿನ ಹಗುರ ಇರೋ ಜಾಗದ ಗುರುತು, ಚಂದಕ್ಕೆ ಹಾಕಿದ್ದಲ್ಲ. ಟ್ಯೂಬ್ ಮೇಲೆ ಹಳದಿ ಗೆರೆ ಇದ್ರೆ ವಾಲ್ವ್ ಬದ್ಲು ಆ ಗೆರೆ ಚುಕ್ಕೆ ನೇರಕ್ಕೆ ಬರ್ಬೇಕು.

ವಾಲ್ವ್ ಓರೆ ಆಗಿದ್ರೆ

ದಪ್ಪ ಟೈರಿಗೆ ಅಂತಾನೇ ಇರೋ ರೋಗ ಇದು. ಗಾಳಿ ಕಮ್ಮಿ ಇದ್ರೆ ಟೈರು ರಿಮ್ಮನ್ನ ಗಟ್ಟಿಯಾಗಿ ಹಿಡ್ಕೊಳಲ್ಲ, ಬ್ರೇಕ್ ಹಾಕಿದಾಗ ರಿಮ್ ನಿಲ್ಲತ್ತೆ, ಟೈರು ಸ್ವಲ್ಪ ಜಾರತ್ತೆ. ಟ್ಯೂಬು ಟೈರ್ ಜೊತೆ ಹೋಗತ್ತೆ, ವಾಲ್ವ್ ಕೊಳವೆ ಮಾತ್ರ ರಿಮ್ ತೂತಲ್ಲಿ ಸಿಕ್ಕಾಕ್ಕೊಂಡಿರತ್ತೆ. ಹತ್ತು ಲ್ಯಾಂಡಿಂಗಲ್ಲಿ ಓರೆ ಆಗತ್ತೆ, ಹನ್ನೊಂದ್ನೇದ್ರಲ್ಲಿ ಬುಡದಲ್ಲಿ ಹರಿಯತ್ತೆ, ಆ ಗಾಳಿ ಒಂದೇ ಉಸಿರಿಗೆ ಹೋಗತ್ತೆ, ವಿಮಾನ ಆ ಕಡೆಗೇ ತಿರುಗ್ಬಿಡತ್ತೆ.

ಕಂಡುಹಿಡಿಯೋದು ಸುಲಭ, ಖರ್ಚು ಒಂದು ಸಣ್ಣ ಡಬ್ಬಿ ಕೆಂಪು ಪೇಂಟು. ರಿಮ್ಮಿಂದ ಟೈರಿಗೆ ಅಡ್ಡ ಒಂದು ಗೆರೆ ಎಳೀರಿ. ದಿನಾ ಹಾರೋಕೆ ಮುಂಚೆ ನೋಡಿ, ಗೆರೆ ಕಟ್ ಆಗಿ ಎರಡು ತುಂಡು ಅಕ್ಕಪಕ್ಕ ಸರಿದಿದ್ರೆ ಟೈರು ಜಾರ್ತಿದೆ. ಆಗ ಒಂದು ಪಿಎಸ್‌ಐ ಜಾಸ್ತಿ ಮಾಡ್ಕೊಂಡು ಹಾರ್ಬಿಡೋಣ ಅಂತ ಅಲ್ಲ, ಗಾಳಿ ಪೂರ್ತಿ ಬಿಟ್ಟು ಟ್ಯೂಬ್ ಸರಿಯಾಗಿ ಕೂರಿಸಿ, ಆಮೇಲೆ ಗಾಳಿ ಜಾಸ್ತಿ ಮಾಡಿ. ವಾಲ್ವ್ ಬುಡದಲ್ಲಿ ಬಿರುಕು ಕಂಡ್ರೆ ಆ ಟ್ಯೂಬ್ ಕಸಕ್ಕೆ. ಅಲಾಸ್ಕಾ ಟೈರುಗಳಲ್ಲಿ ಕೆಲವಕ್ಕೆ ಟ್ಯೂಬೇ ಇಲ್ಲ, ವಾಲ್ವನ್ನ ಟೈರಿನ ಸೈಡಿಗೇ ಕೂರಿಸಿರ್ತಾರೆ, ಟೈರ್ ಜಾರಿದ್ರೆ ವಾಲ್ವೂ ಜೊತೇಲೇ ಜಾರತ್ತೆ, ಹರಿಯೋ ಪ್ರಶ್ನೆನೇ ಇಲ್ಲ. ಬುದ್ಧಿವಂತ್ರು.

ಬ್ರೇಕ್ ಹಿಡೀತಿಲ್ಲ ಅಂದ್ರೆ

ಟೈರ್ ಚೇಂಜ್ ಆದ್ಮೇಲೆ ನಮ್ಮಲ್ಲಿ ಎಲ್ರೂ ಹೇಳಿದ್ದು ಇದೇ, ರನ್-ಅಪ್ ಮಾಡುವಾಗ (ಹಾರೋಕೆ ಮುಂಚೆ ಬ್ರೇಕ್ ಹಿಡಿದು ನಿಂತಲ್ಲೇ ಎಂಜಿನ್ ಜೋರು ಮಾಡಿ ನೋಡೋದು) ವಿಮಾನ ಮುಂದಕ್ಕೆ ತೆವಳತ್ತೆ ಅಂತ. ಬ್ರೇಕ್ ಪೆಡಲ್ ಒತ್ತಿ ನೋಡಿ. ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇದ್ದೂ ವಿಮಾನ ನಿಲ್ತಿಲ್ಲ ಅಂದ್ರೆ ಬ್ರೇಕಲ್ಲಿ ದೋಷ ಹುಡುಕ್ಬೇಡಿ, ಚಕ್ರ ದೊಡ್ಡದಾಗಿದೆ. ಡಿಸ್ಕ್ ಅದೇ, ಪ್ಯಾಡ್ ಅದೇ, ಆದ್ರೆ ಹದಿನೇಳೂವರೆ ಇಂಚಿನ ಟೈರ್ ತೆಗ್ದು 22 ಇಂಚಿಂದು ಹಾಕಿದ್ರೆ ನೆಲದ ಮೇಲೆ ಸಿಗೋ ಹಿಡಿತ ಐದರಲ್ಲಿ ಒಂದು ಪಾಲು ಕಮ್ಮಿ. 31 ಇಂಚಿಗೆ ಹೋದ್ರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಉಳಿಯತ್ತೆ ಅಷ್ಟೇ. ಇದಕ್ಕೆ ಮದ್ದು ದೊಡ್ಡ ಬ್ರೇಕು, ಇಲ್ಲಾಂದ್ರೆ ರನ್-ಅಪ್ ಮಾಡುವಾಗ ಚಕ್ರ ಉರುಳದ ಹಾಗೆ ಮುಂದೆ ಅಡ್ಡ ಕೊಡೋದು.

ಪೆಡಲ್ ಸ್ಪಂಜ್ ಥರ ಮೆತ್ತಗಿದ್ರೆ ಅದು ಬೇರೆ ಕಥೆ, ಪೈಪಲ್ಲಿ ಗಾಳಿ ಸೇರಿದೆ, ಬ್ಲೀಡ್ ಮಾಡಿಸ್ಬೇಕು, ಅಂದ್ರೆ ಆ ಗಾಳಿ ಆಚೆ ತೆಗೆಸ್ಬೇಕು. ದಯವಿಟ್ಟು ಇದಕ್ಕೆ ಕಾರಿನ ಡಾಟ್-4 ಬ್ರೇಕ್ ಆಯಿಲ್ ಹಾಕ್ಬೇಡಿ. ಸಣ್ಣ ವಿಮಾನಗಳಲ್ಲಿ ಮಾಮೂಲಾಗಿ ಇರೋದು 5606 ಅನ್ನೋ ಕೆಂಪು ಹೈಡ್ರಾಲಿಕ್ ಆಯಿಲ್ಲು, ಅದ್ರ ಸೀಲ್ ರಬ್ಬರೇ ಬೇರೆ, ಡಾಟ್-4 ಬಿದ್ರೆ ಊದ್ಕೊಂಡು ಹಾಳಾಗತ್ತೆ. ಮ್ಯಾನ್ಯುಯಲ್ ನೋಡಿ ಹಾಕಿ, ಆಟೋಮೊಬೈಲ್ ಅಂಗಡಿಯವ್ನು "ಎಲ್ಲ ಒಂದೇ ಸಾರ್" ಅಂತಾನೆ, ಒಂದೇ ಅಲ್ಲ.

ಒಂದು ಕಡೆಗೆ ಎಳೆಯೋದು, ನಡುಗೋದು

ಟ್ಯಾಕ್ಸಿ ಮಾಡುವಾಗ, ಅಂದ್ರೆ ವಿಮಾನನ ನೆಲದ ಮೇಲೆ ಮೆಲ್ಲಗೆ ಓಡಿಸುವಾಗ, ಒಂದು ಕಡೆ ಎಳೆದ್ರೆ ಮೊದ್ಲು ಎರಡೂ ಟೈರಿನ ಗಾಳಿ ಒಂದೇ ಇದ್ಯಾ ನೋಡಿ, ಒಂದು ಪಿಎಸ್‌ಐ ವ್ಯತ್ಯಾಸ ಸಾಕು, ಕಮ್ಮಿ ಇರೋ ಚಕ್ರ ಜಾಸ್ತಿ ಕೂತು ಆ ಕಡೆಗೇ ಎಳೆಯತ್ತೆ. ಗಾಳಿ ಸರಿ ಇದ್ರೆ ಹತ್ತು ನಿಮಿಷ ಟ್ಯಾಕ್ಸಿ ಮಾಡಿ ಇಳಿದು ಕೈಯ ಹಿಂಭಾಗ ತಾಗಿಸಿ ನೋಡಿ, ಅಂಗೈ ಬೇಡ, ಸುಡತ್ತೆ. ಒಂದು ಕಡೆ ಹಬ್ಬು ಮಾತ್ರ ಬಿಸಿ ಇದ್ರೆ ಬ್ರೇಕ್ ಪ್ಯಾಡ್ ಅಂಟ್ಕೊಂಡಿದೆ ಇಲ್ಲಾ ಬೇರಿಂಗ್ ಹೋಗಿದೆ, ಜಾಕ್ ಹಾಕಿ ಎತ್ತಿ ಚಕ್ರ ಕೈಯಲ್ಲಿ ತಿರುಗಿಸಿದ್ರೆ ಯಾವ್ದು ಅಂತ ಸದ್ದೇ ಹೇಳತ್ತೆ. ಟೈರಿನ ಸೈಡ್ ಗೋಡೆ ಬಿಸಿ ಇದ್ರೆ ಗಾಳಿ ತೀರಾ ಕಮ್ಮಿ ಇಟ್ಟಿದೀರ, ರಬ್ಬರು ಮಡಚಿ ಮಡಚಿ ಕಾಯ್ತಿದೆ. ಮಣ್ಣಿಗೆ ಅಂತ ಇಳಿಸಿದ ಗಾಳೀಲೇ ಟಾರ್ ರನ್‌ವೇ ಮೇಲೆ ಉದ್ದಕ್ಕೆ ಟ್ಯಾಕ್ಸಿ ಮಾಡಿದ್ರೆ ಹೀಗಾಗತ್ತೆ, ಟೈರ್ ಸವೆಯೋದಂತೂ ಎರೇಸರ್ ಸವೆದ ಹಾಗೆ.

ನಡುಕಕ್ಕೆ ನಂಗೆ ತುಂಬಾ ಇಷ್ಟವಾದ ಟೆಸ್ಟ್ ಒಂದಿದೆ. ನೆಲ ಬಿಟ್ಟ ಮೇಲೂ ಕೆಲವು ಸೆಕೆಂಡ್ ಗಡಗಡ ಅಂತಿದ್ರೆ ಎಂಜಿನ್ ಅಂತ ಗಾಬರಿ ಬೇಡ, ಸೇಫ್ ಆಗಿ ಮೇಲೇರಿದ್ಮೇಲೆ ಬ್ರೇಕ್ ಮೆಲ್ಲಗೆ ಒತ್ತಿ. ತಕ್ಷಣ ನಿಂತ್ರೆ ಗಾಳೀಲಿ ಸುತ್ತುತ್ತಿರೋ ಚಕ್ರದ್ದೇ ಕೆಲಸ, ರಿಮ್ಮೊಳಗೆ ಒಂದು ಕಡೆ ಕೆಮ್ಮಣ್ಣು ಮೆತ್ಕೊಂಡು ಒಣಗಿರತ್ತೆ. ನಮ್ಮಲ್ಲಿ ಮಳೆಗಾಲದ ಹತ್ತು ಕಂಪ್ಲೇಂಟಲ್ಲಿ ಎಂಟಕ್ಕೆ ಮದ್ದು ಒಂದು ಬಕೆಟ್ ನೀರು, ಒಂದು ಬ್ರಶ್ಶು. ಬ್ರೇಕ್ ಒತ್ತಿದ್ರೂ ನಿಲ್ಲದಿದ್ರೆ ಚಕ್ರ ಬಿಡಿ, ಪ್ರೊಪೆಲ್ಲರ್ ಕಡೆ ನೋಡಿ, ಇಳಿದ್ಮೇಲೆ.

ನೆಲದ ಮೇಲೆ ಒಂದು ಸ್ಪೀಡಲ್ಲಿ ಮಾತ್ರ ಜೋರಾಗಿ ಅಲ್ಲಾಡಿ ಆಮೇಲೆ ಸುಮ್ನಾಗತ್ತೆ ಅಂದ್ರೆ ಮುಂದಿನ ಚಕ್ರ, ಬುಶ್ ಸವೆದಿರತ್ತೆ ಇಲ್ಲಾ ನಡುಕ ತಡೆಯೋ ಡ್ಯಾಂಪರ್ ಸಡಿಲ. ಪುಷ್ಪಕ್ ಥರ ಬಾಲದಲ್ಲಿ ಚಕ್ರ ಇರೋ ವಿಮಾನ ಆದ್ರೆ (ಎಚ್‌ಎಎಲ್ ಇಲ್ಲೇ ಬೆಂಗಳೂರಲ್ಲಿ ಮಾಡಿ 1958ರಲ್ಲಿ ಮೊದಲು ಹಾರಿಸಿದ್ದು, ಎಷ್ಟೋ ಜನ ಕಲಿತಿದ್ದೇ ಅದ್ರಲ್ಲಿ) ಅದೇ ನಡುಕ ಹಿಂದಿಂದ ಬರತ್ತೆ, ಆಗ ಬಾಲದ ಚಕ್ರದ ಸ್ಪ್ರಿಂಗು, ಬುಶ್ಶು ನೋಡಿ. ಇನ್ನು ಬೆಳಗ್ಗೆ ಮೊದಲ ಟ್ಯಾಕ್ಸೀಲಿ ಮಾತ್ರ ದಡ್ ದಡ್ ಅಂದು ಐದು ನಿಮಿಷಕ್ಕೆ ಸರಿ ಹೋಗೋದು ರೋಗವೇ ಅಲ್ಲ, ನೈಲಾನ್ ಟೈರ್ ವಾರವಿಡೀ ಒಂದೇ ಮಗ್ಗುಲಲ್ಲಿ ನಿಂತಿದ್ದಕ್ಕೆ ತಳ ಚಪ್ಪಟೆ ಆಗಿರತ್ತೆ.

ಲ್ಯಾಂಡಿಂಗಲ್ಲಿ ಚೆಂಡಿನ ಥರ ಪುಟಿಯೋದಕ್ಕೆ ಟೈರನ್ನ ಬೈಯೋರು ಜಾಸ್ತಿ. ದಪ್ಪ ಟೈರು ಪುಟಿಯತ್ತೆ ನಿಜ, ಅದ್ರಲ್ಲಿ ಸ್ಪ್ರಿಂಗ್ ಇದೆ, ಶಾಕ್ ಅಬ್ಸಾರ್ಬರ್ ಇಲ್ಲ. ಆದ್ರೆ ಸ್ಪೀಡ್ ಜಾಸ್ತಿ ಇಟ್ಕೊಂಡು ಬಂದು ನೆಲಕ್ಕೆ ಕುಕ್ಕಿದ್ರೆ ಯಾವ ಟೈರಾದ್ರೂ ಪುಟಿಯತ್ತೆ. ಇದನ್ನ ನಾನು ಎಂಜಿನಿಯರ್‌ಗೆ ಕಂಪ್ಲೇಂಟ್ ಬರೆದು ಕೊಟ್ಟಾಗ ಅವ್ರು ಓದಿ, ಏನೂ ಹೇಳ್ದೆ, ನನ್ನ ಮುಖ ನೋಡಿದ್ರು.

ಈಗ ನಮ್ಮ ಶೆಡ್ಡಲ್ಲಿ ಗೋಡೆಗೆ ಒಂದು ನೋಟ್‌ಬುಕ್ ನೇತಾಕಿದೀವಿ. ಪ್ರತಿ ಸಲ ಗಾಳಿ ನೋಡಿದಾಗ ಎಡ, ಬಲ, ಮುಂದೆ ಮೂರೂ ರೀಡಿಂಗು, ಜೊತೆಗೆ ಟೈಮು, ಟೆಂಪರೇಚರು, ಮೂತಿ ಯಾವ ಕಡೆಗಿತ್ತು ಅನ್ನೋದು. ಕೊನೇ ಕಾಲಂ ಹೆಲ್ಪರ್ ಹುಡುಗನ ಐಡಿಯಾ, ಬಿಸಿಲಿದ್ರೆ ಒಂದು ಸೂರ್ಯನ ಚಿತ್ರ ಬರೀತಾನೆ. ಪಶ್ಚಿಮದ ಕಡೆಗೆ ಒಂದು ಹಳೇ ಫ್ಲೆಕ್ಸ್ ಬ್ಯಾನರ್ ಕಟ್ಟಿದ ಮೇಲೆ ಎರಡೂ ಟೈರ್ ಬೆಳಗ್ಗೆ ಒಂದೇ ರೀಡಿಂಗ್ ಕೊಡ್ತಿವೆ, ಬಿಚ್ಚಿದ ಎರಡು ಟ್ಯೂಬು ಮೂಲೇಲಿ ಬಿದ್ದಿವೆ, ಎರಡ್ರಲ್ಲೂ ಒಂದು ತೂತೂ ಇಲ್ಲ.